ಎದೆನೋವು ಮಗಳಿಗೆ, ಮಾತ್ರೆ ತಾಯಿಗೆ

ಫ್ಯಾರೋ ದ್ವೀಪಗಳ ವೆಸ್ತ್‌ಮನ್ನಾ ಊರಿನ ಮೀನು ಕಾರ್ಖಾನೆಯಲ್ಲಿ ರನ್ವಾಳನ್ನು ಅರಿಯದವರಿಲ್ಲ. ನಿಂತಲ್ಲಿ ನಿಲ್ಲಳು, ಕೂತಲ್ಲಿ ಕೂರಳು. ಮಗಳು ಬಿರಿತಾ "ಎದೆ ಚುಚ್ತಿದೆ" ಎಂದ ಮೇಲಂತೂ ಅವಳ ಜೀವ ಬಾಯಿಗೆ ಬಂತು.

ಹದಿನೈದರ ಬಿರಿತಾ ಊರಿನ ಹುಡುಗಿಯರ ಸ್ಪರ್ಧಾ ದೋಣಿಯಲ್ಲಿ ಹುಟ್ಟು ಹಾಕುವವಳು. "ಡಾಕ್ಟ್ರು ಗೀಕ್ಟ್ರು ಅಂದ್ರೆ ದೋಣಿಯಿಂದ ಇಳಿಸ್ಬಿಡ್ತಾರಮ್ಮ, ಸುಮ್ನಿರು" ಎಂದು ಗೋಗರೆದಳು. ರನ್ವಾ ಸುಮ್ಮನಿರುವವಳೇ? ಮರುದಿನವೇ ಎಳೆದುಕೊಂಡು ಹೋದಳು.

ಡಾಕ್ಟರ್ ಇಂಗಿಲಿನ್ ಅವಸರ ಮಾಡಲಿಲ್ಲ. "ಹುಟ್ಟು ಹಾಕ್ತಿರುವಾಗ್ಲೇ ನೋಯುತ್ತಾ? ತಲೆ ಸುತ್ತಿ ಬಿದ್ದಿದ್ದೀಯಾ? ಎದೆ ಸುಮ್‌ಸುಮ್ನೆ ಡವಡವ ಅನ್ನುತ್ತಾ?"

"ಇಲ್ಲ. ಆಮೇಲೆ ನೋಯುತ್ತೆ. ಹೊರಳಿ ಮಲಗಿದ್ರೆ, ಸೀನಿದ್ರೆ."

ವೈದ್ಯೆ ಎದೆಮೂಳೆಗೆ ಪಕ್ಕೆಲುಬು ಕೂಡುವಲ್ಲಿ ಬೆರಳಿಟ್ಟು ಒತ್ತಿದಳು. "ಅಯ್ಯೋ, ಅದೇ ಅದೇ!" ಎಂದು ಬಿರಿತಾ ಕಿರುಚಿದಳು.

"ಪಕ್ಕೆಲುಬಿನ ಮೃದು ಎಲುಬಿಗೆ ಉರಿಯೂತ ಆಗಿದೆ. ಈ ವಯಸ್ಸಲ್ಲಿ ಎದೆನೋವು ಹೃದಯದಿಂದ ಬರೋದು ತೀರಾ ಅಪರೂಪ. ಆದ್ರೂ ಕೇಳ್ಲೇಬೇಕು. ನಿಮ್ಮ ಮನೇಲಿ ಸಣ್ಣ ವಯಸ್ಸಲ್ಲೇ ದಿಢೀರಂತ ತೀರಿಕೊಂಡವರು ಯಾರಾದ್ರೂ?"

"ಯಾರೂ ಇಲ್ಲ," ಎಂದಳು ರನ್ವಾ, ಕಿಟಕಿಯತ್ತ ನಡೆಯುತ್ತ. "ನನ್ನ ತಮ್ಮ ಹೊಗ್ನಿ ಹೋದ. ಅದು ಈಜುಕೊಳದಲ್ಲಿ ಮುಳುಗಿ."

"ಈಜು ಬರ್ತಿರಲಿಲ್ವಾ?"

"ಬರ್ದೆ ಏನು! ಸೀಲ್ ಥರ ಈಜ್ತಿದ್ದ."

ಹೇಳಿದ ಮೇಲೆ ಆ ಮಾತು ಅವಳಿಗೇ ವಿಚಿತ್ರವಾಗಿ ಕೇಳಿಸಿತು. ವೈದ್ಯೆ ಬರೆಯುವುದನ್ನು ನಿಲ್ಲಿಸಿದಳು. "ನೀವು ಯಾವಾಗಾದ್ರೂ ಎಚ್ಚರ ತಪ್ಪಿದ್ದೀರಾ?"

ಹಿಂದೊಮ್ಮೆ ಕಾರ್ಖಾನೆಯ ಅಪಾಯದ ಗಂಟೆ ಹೊಡೆದಾಗ ರನ್ವಾ ಧೊಪ್ಪನೆ ಬಿದ್ದಿದ್ದಳು. "ತಿಂಡಿ ತಿಂದಿರಲಿಲ್ಲ, ಅದಕ್ಕೇ."

ತಾಯಿ, ಮಗಳು ಇಬ್ಬರಿಗೂ ಹೃದಯದ ಇಸಿಜಿ ತೆಗೆದರು. ಬಿರಿತಾಳದ್ದು ಸರಿಯಾಗಿತ್ತು. ರನ್ವಾಳದ್ದನ್ನು ವೈದ್ಯೆ ಮತ್ತೆ ಮತ್ತೆ ನೋಡಿದಳು. ಪ್ರತಿ ಬಡಿತದ ನಂತರ ಹೃದಯ ಮುಂದಿನದಕ್ಕೆ ಸಜ್ಜಾಗಲು ತಡ ಮಾಡುತ್ತಿತ್ತು. ಹುಟ್ಟಿನಿಂದ ಬಂದದ್ದು. ಗಾಬರಿಯಾದಾಗ, ಈಜುವಾಗ ತಾಳ ತಪ್ಪಬಹುದು.

"ಹಾಗಾದ್ರೆ ಇವಳಿಗೂ...?"

"ಇಸಿಜಿ ಒಂದೇ ಸಾಲದು, ಇಬ್ಬರ ರಕ್ತವನ್ನೂ ಜೀನ್ ಪರೀಕ್ಷೆಗೆ ಕಳಿಸೋಣ. ಅಲ್ಲಿವರೆಗೆ ದೋಣಿ ಬೇಡ."

ಬಿರಿತಾ ಕಣ್ಣೀರಾದಳು. ಫಲಿತಾಂಶ ಬರುವವರೆಗೆ ರನ್ವಾಗೆ ಮುಳ್ಳಿನ ಮೇಲೆ ನಿಂತಂತೆ. ಸುಟ್ಟ ಆಲೂಗಡ್ಡೆಯನ್ನೇ ಬಡಿಸುವಳು, ಫೋನ್ ಸದ್ದು ಮಾಡಿದರೆ ಬೆಚ್ಚುವಳು. "ನಿನ್ನ ನೋಡಿದ್ರೆ ನಂಗೇ ಎದೆ ಹೊಡ್ಕೊಳ್ಳುತ್ತೆ, ಕೂತ್ಕೊಳಮ್ಮ ಮಾರಾಯ್ತಿ!" ಎಂದು ಮಗಳು ರೇಗುವಳು.

ಕೊನೆಗೆ ಸುದ್ದಿ ಬಂತು: ತಾಯಿಯ ದೋಷ ಮಗಳಿಗೆ ಇಳಿದಿರಲಿಲ್ಲ. ಪಕ್ಕೆಲುಬಿನ ನೋವೂ ಅಷ್ಟರಲ್ಲಿ ವಾಸಿಯಾಗಿತ್ತು. ಬಿರಿತಾ ದೋಣಿಗೆ ಓಡಿದಳು.

ರನ್ವಾ ಮಾತ್ರೆ ಶುರುಮಾಡಿದಳು, ತನ್ನ ತಾಯಿಯ ಮನೆಗೆ ಹೋಗಿ ಎಲ್ಲವನ್ನೂ, ಈಜುವಾಗ ಹೊಗ್ನಿಯ ಹೃದಯವೂ ಹೀಗೇ ತಾಳ ತಪ್ಪಿರಬಹುದೆಂದೂ ಹೇಳಿದಳು. ಮುದುಕಿ ಗೋಡೆಯ ಮೇಲಿನ ಮಗನ ಫೋಟೋ ಇಳಿಸಿ ಮಡಿಲಲ್ಲಿಟ್ಟುಕೊಂಡಳು.

"ಅವನ್ನ ನೀರಿಗೆ ಕಳಿಸಿದ್ದೇ ತಪ್ಪು ಅಂದ್ಕೊಂಡಿದ್ದೆ ಕಣೇ."

"ಯಾರ ತಪ್ಪೂ ಅಲ್ಲಮ್ಮ," ಎನ್ನುತ್ತ ರನ್ವಾ ಅವಳ ಪಕ್ಕದಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು.