ಪಾಟ್ಲಿಯ ಹಣ ಮೇಜಿಗೆ ಬಂದ ರಾತ್ರಿ

ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಪೋಕರ್ ಆಡುತ್ತಾರೆ ಎಂದರೆ ಕೇಳಿದವರು ಒಮ್ಮೆ ನನ್ನ ಮುಖ ನೋಡುತ್ತಾರೆ. ಬೆಳಗಾವಿಯ ಮಿಲಿಟರಿ ಕ್ಯಾಂಪಿನ ಹಿಂದಿನ ಓಣಿಯಲ್ಲಿ ನಮ್ಮದು ಹಳೆಯ ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿದು ಒಲೆ ಒರೆಸಿ ಆಗಿರುತ್ತದೆ; ಆಮೇಲೆ ಬಂದವರಿಗೆ ಚಹಾ ಮಾತ್ರ. ಆದರೆ ಇಸ್ಪೀಟ್ ಎಲೆಗಳ ಹುಚ್ಚು ನಮಗೆ ಹೊಸದಲ್ಲ. ನಮ್ಮ ಅತ್ತೆ ರಮ್ಮಿಗೆ ಕುಳಿತರೆ ಅಳಿಯಂದಿರನ್ನೂ ಬಿಡುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಅದೇ ಮೇಜಿನ ಮೇಲೆ ನಮ್ಮವರು, ಅಂದರೆ ನನ್ನ ಗಂಡ, ಪೋಕರ್ ತಂದರು. ಅತ್ತೆಯ ಕಟ್ಟಳೆ ಮಾತ್ರ ಹಾಗೆಯೇ ಉಳಿಯಿತು.

ಕಟ್ಟಳೆ ಇಷ್ಟೇ: ದೀಪ ಹಚ್ಚಿದ ಮೇಲೆ ಮನೆಯಲ್ಲಿ ಹಣ ಕೈ ಬದಲಾಯಿಸಬಾರದು. ನೆರೆಯವರು ಬಂದು ಕೇಳಿದರೆ ಮೊಸರು, ಉಪ್ಪು ಕೂಡ ಕೊಡುವುದಿಲ್ಲ. ಇನ್ನು ಲಕ್ಷ್ಮಿಯನ್ನು ಕೊಡುತ್ತೇವೆಯೇ? ಹಾಗಾಗಿ ಆಡುವವರು ಹೊತ್ತಿರುವಾಗಲೇ ಬಂದು ನನ್ನ ಕೈಗೆ ನಗದು ಕೊಟ್ಟು, ಬದಲಿಗೆ ಹುಣಸೆ ಬೀಜ ಒಯ್ಯಬೇಕು. ಬೀಜ ಒಂದಕ್ಕೆ ಹತ್ತು ರೂಪಾಯಿ. ಲೆಕ್ಕ ತೀರುವುದು ಮರುದಿನ ಬೆಳಿಗ್ಗೆ, ನಾನು ಅಂಗಳ ಸಾರಿಸಿ ರಂಗೋಲಿ ಹಾಕಿದ ಮೇಲೆ. ನಡುವೆ ಬೀಜ ಖಾಲಿಯಾದವರು ಚಹಾ ಕುಡಿಯುತ್ತ ಕೂರಬೇಕು, ಇಲ್ಲವೇ ಮನೆಗೆ ಹೋಗಬೇಕು. ಎಷ್ಟು ರೋಷ ಬಂದರೂ ದೀಪದ ಮೊದಲು ತಂದದ್ದಕ್ಕಿಂತ ಹೆಚ್ಚು ಯಾರೂ ಕಳೆದುಕೊಳ್ಳುವಂತಿರಲಿಲ್ಲ. ಅತ್ತೆ ಲಕ್ಷ್ಮಿಗಾಗಿ ಮಾಡಿದ್ದು ಮನುಷ್ಯರನ್ನೂ ಕಾಯುತ್ತಿತ್ತು.

ಆ ಚಳಿಗಾಲದ ಶನಿವಾರ ಖಾನಾಪುರದಿಂದ ನನ್ನ ತಮ್ಮ ಬಂದಿದ್ದ. ಅವನದು ಅಲ್ಲಿ ಮಣ್ಣಿನ ಕುಂಡ, ಹಂಚು ಮಾಡುವ ಸಣ್ಣ ಕಾರ್ಖಾನೆ. ಮಾಲು ಸಾಗಿಸಲು ಬಾಡಿಗೆ ಗಾಡಿ ಹಿಡಿದು ಹಿಡಿದು ಬೇಸತ್ತಿದ್ದ. ಬೆಳಗಾವಿಯಲ್ಲೊಂದು ಹಳೆಯ ಟೆಂಪೋ ಗೊತ್ತಾಗಿತ್ತು. ಭಾನುವಾರ ಬೆಳಿಗ್ಗೆ ಪೂರ್ತಿ ಹಣ ಕೊಟ್ಟು ಗಾಡಿ ಒಯ್ಯುವುದೆಂದು ಮಾತಾಗಿತ್ತು. ಅದಕ್ಕಾಗಿ ಅವನ ಹೆಂಡತಿ ತವರಿನಿಂದ ಬಂದ ತನ್ನ ಚಿನ್ನದ ಪಾಟ್ಲಿ ಬಳೆಗಳನ್ನು ಕೈಯಿಂದ ತೆಗೆದು ಮಾರಿಸಿದ್ದಳು. ಆ ಹಣವೆಲ್ಲ ಅವನ ಫೋನಿನಲ್ಲಿತ್ತು. ಒಂದು ರಾತ್ರಿ ನಮ್ಮಲ್ಲಿ ಮಲಗಿ ಎದ್ದು ಹೋಗುವುದಷ್ಟೇ ಅವನ ಕೆಲಸ.

ಬಂದವನು ಸುಮ್ಮನೆ ಕೂರಲಾರದೆ ಅವನೂ ಐನೂರು ರೂಪಾಯಿಯ ಬೀಜ ಕೊಂಡ. ನಮ್ಮವರಲ್ಲದೆ ಮೇಜಿನಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಪಕ್ಕದ ಮನೆಯ ಬಟ್ಟೆ ಅಂಗಡಿಯವರು. ಇನ್ನೊಬ್ಬರು ಸೈನ್ಯದಿಂದ ನಿವೃತ್ತರಾಗಿ ಕ್ಯಾಂಪಿನಲ್ಲೇ ಉಳಿದ ಸುಬೇದಾರರು, ಹಲಸಿಯ ಕಡೆಯ ಕುರಿ ಕಾಯುವ ಮನೆತನದವರು. ಮಾತು ಕಡಿಮೆ. ಎಲೆಗಳನ್ನು ಒಮ್ಮೆ ನೋಡಿ ಕವುಚಿಟ್ಟರೆ ಮತ್ತೆ ಮುಟ್ಟುತ್ತಿರಲಿಲ್ಲ. ಎಲೆ ಹಂಚುವುದು ನಾನು.

ತಮ್ಮನ ಬೀಜ ಬೇಗನೆ ಮುಗಿಯಿತು. ಚಹಾ ತರಲು ನಾನು ಎದ್ದೆ. ವಾಡಿಕೆಯಂತೆ ಅವನು ಹಾಸಿಗೆ ಕೇಳಬೇಕಿತ್ತು. ಅದರ ಬದಲು ಫೋನ್ ತೆಗೆದು ನಮ್ಮವರ ಮುಂದೆ ಹಿಡಿದ.

"ಮಾಮಾ, ಇದು ರೊಕ್ಕ ಎಲ್ಲಿ ಆತು? ಒಂದ ನೋಟರ ಹೊಸ್ತಲಾ ದಾಟತೈತೇನು? ಇಲ್ಲಿಂದ ಅಲ್ಲಿಗೆ ಅಂಕಿ ಹೋಗೂದು ಅಷ್ಟ."

ನಮ್ಮವರು ಗಲ್ಲ ಕೆರೆದುಕೊಂಡರು. ಹೆಂಡತಿಯ ತಮ್ಮ, ಅಪರೂಪಕ್ಕೆ ಬಂದವನು. ಅವನಿಗೆ ಒಲ್ಲೆ ಎನ್ನುವುದು ನಮ್ಮ ಕಡೆ ಸುಲಭದ ಮಾತಲ್ಲ. ಅಂಕಿಗೆ ಲಕ್ಷ್ಮಿಯ ದೋಷ ತಗಲುವುದಿಲ್ಲ ಎಂದು ಅವರಿಗೂ ಖರೇ ಅನ್ನಿಸಿತೋ ಏನೋ. ದೇವರ ಮನೆಯ ಕಡೆ ಒಮ್ಮೆ ನೋಡಿ, ಸರಿ ಎಂದುಬಿಟ್ಟರು.

ಮೇಜಿನ ಸುತ್ತ ಎಲ್ಲರೂ ಕೇಳುವಂತೆ ನಾನು ಹೇಳಿದೆ: "ಅದು ನಿನ್ನ ಹೆಂಡ್ತಿ ಪಾಟ್ಲಿ ರೊಕ್ಕ. ಮುಂಜಾನೆ ಟೆಂಪೋದಾಂವಗ ಏನ್ ಕೊಡ್ತಿ?"

"ಟೆಂಪೋಕ್ಕ ಹೊಸ ಟೈರೂ ಹಾಕಸ್ತೀನಿ, ನೀ ಚಹಾ ತಾ ಅಕ್ಕಾ," ಎಂದು ನಕ್ಕ.

ಬಟ್ಟೆ ಅಂಗಡಿಯವರು ತಮ್ಮ ಮುಂದಿನ ಬೀಜಗಳನ್ನು ನನ್ನ ಕಡೆ ಸರಿಸಿ, ಶಾಲು ಹೊದ್ದು ಹೊರಟುಬಿಟ್ಟರು. ಅಷ್ಟು ಬೇಗ ಅವರು ಎದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಾಗಿಲು ಹಾಕಿಕೊಳ್ಳಲು ಹೋದವಳಿಗೆ ಹೊರಗಿನ ಥಂಡಿ ಮುಖಕ್ಕೆ ಬಡಿಯಿತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಹತ್ತು ರೂಪಾಯಿಯ ಬೀಜ ಈಗ ಸಾಲದಾಯಿತು. ಮಕ್ಕಳು ಆಡಿಬಿಟ್ಟ ಗಜಗದ ಕಾಯಿಗಳು ಅಡುಗೆಮನೆಯ ಡಬ್ಬಿಯಲ್ಲಿದ್ದವು. ಒಂದಕ್ಕೆ ಸಾವಿರ ಎಂದು ಅವನ್ನೇ ತರಿಸಿದರು. ತಮ್ಮ ಒಂದಿಷ್ಟು ಕೊಂಡ. ಸುಬೇದಾರರೂ ಫೋನ್ ತೆಗೆದು ಕೊಂಡರು. ಆ ಕಾಯಿ ಸೋತ ಮೇಲೆ ತಮ್ಮ ಮತ್ತೊಂದಿಷ್ಟು ಕೊಂಡ. ಆಮೇಲೆ ಮತ್ತೊಂದಿಷ್ಟು. ಪ್ರತಿ ಸಲವೂ ನಮ್ಮವರ ಫೋನ್ ಸಣ್ಣಗೆ ಟಿಂಗ್ ಎನ್ನುತ್ತಿತ್ತು. ಮೊದಲೆಲ್ಲ ಆಟದ ನಡುವೆ ಸುದ್ದಿ, ಚೇಷ್ಟೆ ಇರುತ್ತಿದ್ದವು. ಈಗ ಆ ಸದ್ದಷ್ಟೇ.

ನಡುವೆ ನನ್ನ ಫೋನಿಗೆ ತಮ್ಮನ ಹೆಂಡತಿಯ ಕರೆ ಬಂತು. ಅಡುಗೆಮನೆಗೆ ಹೋಗಿ ಮಾತಾಡಿದೆ. ಅವರು ಫೋನ್ ಎತ್ತುತ್ತಿಲ್ಲ, ಮಲಗಿದ್ದಾರೇನು ಎಂದು ಕೇಳಿದಳು. ಕುಳಿತಿದ್ದಾರೆ, ಮಾತಾಡುತ್ತಿದ್ದಾರೆ ಎಂದೆ. ಬೆಳಿಗ್ಗೆ ಬೇಗ ಎಬ್ಬಿಸಿ, ಗಾಡಿಗೆ ಪೂಜೆ ಮಾಡಲು ತೆಂಗಿನಕಾಯಿ ತಂದಿಟ್ಟಿದ್ದೇನೆ ಎಂದಳು. ದನಿಯಲ್ಲಿ ಎಷ್ಟೊಂದು ನಂಬಿಕೆ ಇತ್ತೆಂದರೆ, ಫೋನ್ ಇಟ್ಟ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದೆ.

ತಿರುಗಿ ಬಂದಾಗ ಅವನ ಫೋನು ಅಂಗಾತ ಬಿದ್ದಿತ್ತು. ಇನ್ನು ಕೊಳ್ಳಲು ಅದರಲ್ಲಿ ಏನೂ ಇಲ್ಲವೆಂದು ಅವನ ಕಿವಿ ಕೆಂಪಾಗಿದ್ದನ್ನು ನೋಡಿಯೇ ತಿಳಿದೆ. ಪಾಟ್ಲಿಯ ಹಣದಲ್ಲಿ ಉಳಿದದ್ದು ಅವನ ಮುಂದಿದ್ದ ಕಾಯಿಗಳಷ್ಟೇ.

ನಾನು ಎಲೆ ಹಂಚಿದೆ. ಆಟ ಹೀಗೆ: ಪ್ರತಿಯೊಬ್ಬರ ಕೈಯಲ್ಲಿ ಗುಟ್ಟಾಗಿ ಎರಡೆಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದೆಲೆ. ನಡುವಿನ ಎಲೆ ತೆರೆಯುತ್ತ ಹೋದಂತೆ ಆಟಗಾರರು ಕಾಯಿ ತಳ್ಳುತ್ತ ಹೋಗುತ್ತಾರೆ. ಎದುರಿನವ ತಳ್ಳಿದಷ್ಟು ತಳ್ಳಲು ಒಲ್ಲದವ ಎಲೆ ಬಿಡಬೇಕು; ಆಗ ಗುಡ್ಡೆಯೆಲ್ಲ ಉಳಿದವನದು, ಅವನು ತನ್ನ ಎಲೆ ತೋರಿಸಬೇಕಿಲ್ಲ. ನಮ್ಮವರು ಮೊದಲೇ ಬಿಟ್ಟರು. ಉಳಿದವರಿಬ್ಬರು. ನಡುವೆ ಒಂದು ರಾಣಿ ಬಿತ್ತು. ಎರಡು ಬದಾಮ, ಅಂದರೆ ಕೆಂಪು ಹೃದಯದ ಎಲೆ, ಬಿದ್ದವು. ಇಬ್ಬರೂ ತಳ್ಳುತ್ತ ಹೋದರು. ಸುಬೇದಾರರು ಅದುವರೆಗೆ ಗೆದ್ದದ್ದು, ತಮ್ಮನ ಬಳಿ ಉಳಿದದ್ದು, ಬಹುಪಾಲು ನಡುವೆ ಗುಡ್ಡೆಯಾಯಿತು. ಕೊನೆಯ ಎಲೆಯೂ ಬದಾಮವೇ ಬಂತು. ಕೈಯಲ್ಲಿ ಎರಡು ಬದಾಮ ಇದ್ದವನು ಈಗ ಐದನ್ನು ಕೂಡಿಸಿ ಗೆಲ್ಲಬಹುದು.

ತಮ್ಮ ತನ್ನ ಎರಡೆಲೆಯನ್ನು ಎತ್ತಿ ನೋಡಿದ. ಇಟ್ಟ. ಮತ್ತೆ ಎತ್ತಿ ನೋಡಿದ. ಆಮೇಲೆ ಉಳಿದ ಕಾಯಿಗಳನ್ನೆಲ್ಲ ಎರಡೂ ಕೈಯಿಂದ ಮುಂದಕ್ಕೆ ಸರಿಸಿದ.

ಸುಬೇದಾರರು ಕಾಯಿಗಳನ್ನು ನೋಡಲಿಲ್ಲ. ತಮ್ಮನ ಕೈಗಳನ್ನು ನೋಡಿದರು. ಒಮ್ಮೆ ನನ್ನನ್ನೂ ನೋಡಿದರು. ಕೊನೆಗೆ ತಮ್ಮೆದುರಿನ ಎಲೆಗಳನ್ನು ಕವುಚಿಯೇ ನನ್ನತ್ತ ನೂಕಿ ಹೇಳಿದರು: "ನನ್ನ ಕೈಲೆ ಆಗೂದಿಲ್ಲ. ತಗೋಪಾ."

ಗುಡ್ಡೆ ಪೂರ್ತಿ ತಮ್ಮನ ಕಡೆ ಹೋಯಿತು. ಪಾಟ್ಲಿಯ ಹಣವೂ, ಅದರ ಮೇಲೆ ಒಂದಿಷ್ಟೂ. ಅಷ್ಟಕ್ಕೇ ನಾನು ಎಲೆಗಳನ್ನು ಕೂಡಿಸಿ ಕಟ್ಟಿಟ್ಟೆ, ಯಾರೂ ಬೇಡವೆನ್ನಲಿಲ್ಲ.

ಸುಬೇದಾರರಿಗೆ ಗೇಟು ತೆಗೆಯಲು ನಾನೇ ಹೋದೆ. ಅವರು ಮಫ್ಲರ್ ಸುತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ನಡುವಿಂದೂ ಕೂಡಿ ನನ್ನ ಕಡೆ ಮೂರು ರಾಣಿ ಇದ್ವು, ತಂಗಿ. ಆತನ ಕಡೆ ಏನೂ ಇರಲಿಲ್ಲ. ಎರಡು ಬದಾಮ ಹಿಡದಾಂವ ಎರಡೆರಡ ಸಲ ಯಾಕ ನೋಡ್ತಾನ? ನೀ ಪಾಟ್ಲಿ ಅಂದೆಲ್ಲ, ಹಿಡಿಯಾಕ ಮನಸ ಬರಲಿಲ್ಲ. ಆತಗ ಹೇಳಬ್ಯಾಡ, ಮಾರಿ ಸಣ್ಣದ ಆಗತೈತಿ."

ಹೇಳುವುದಿಲ್ಲ ಎಂದು ಕೈ ಮುಗಿದೆ. ಅವರು ಕತ್ತಲಲ್ಲಿ ನಡೆದುಹೋದರು. ಒಳಗೆ ತಮ್ಮ ನಮ್ಮವರಿಗೆ ತನ್ನ ಆಟವನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದ. ನಿದ್ದೆ ಅವನಿಗೂ ಬರಲಿಲ್ಲ, ನನಗೂ ಬರಲಿಲ್ಲ. ಕಾರಣ ಬೇರೆ ಬೇರೆ.

ಬೆಳಿಗ್ಗೆ ಲೆಕ್ಕ ತೀರಿತು, ಟೆಂಪೋ ಖಾನಾಪುರ ಸೇರಿತು, ಪೂಜೆಯ ಫೋಟೋ ನನ್ನ ಫೋನಿಗೂ ಬಂತು. ಗಜಗದ ಡಬ್ಬಿಯನ್ನು ಅಟ್ಟಕ್ಕೆ ಹಾಕಿ, ಮುಗಿಯಿತು ಎಂದುಕೊಂಡೆ.

ಎರಡನೆಯ ವಾರ ತಮ್ಮನ ಹೆಂಡತಿ ಮತ್ತೆ ಫೋನ್ ಮಾಡಿದಳು. ಈ ಸಲ ದನಿ ಹುರುಪಿನಲ್ಲಿತ್ತು. ಅವರು ಒಂದೇ ರಾತ್ರಿಯಲ್ಲಿ ಗೆದ್ದದ್ದು ಊರಿಗೆಲ್ಲ ಗೊತ್ತಾಗಿದೆ ಎಂದಳು. ಆಮೇಲೆ, "ಅಕ್ಕಾರ, ಶನಿವಾರ ಆಟ ಅದ ಅಲ್ರಿ? ನನ್ನ ಕೊರಳಾಗಿನ ಸರಾ ಕೊಟ್ಟೇನಿ. ಮಾರಿಲ್ರಿ, ಅಡವು ಅಷ್ಟ. ಗೆದ್ದ ರೊಕ್ಕದಾಗ ಹಂಚು ಸುಡೂ ಭಟ್ಟಿ ದೊಡ್ಡದ ಕಟ್ಟಸಬೇಕಂತಾರ," ಎಂದಳು.

ಅವನ ಕೈಗೆ ಫೋನ್ ಕೊಡು ಎಂದೆ. ಸುಬೇದಾರರಿಗೆ ಕೊಟ್ಟ ಮಾತು ಮುರಿಯಲು ನಾನು ಅರೆಗಳಿಗೆಯೂ ಯೋಚಿಸಲಿಲ್ಲ. ಅವರ ಬಳಿ ಮೂರು ರಾಣಿ ಇದ್ದವು, ನಿನ್ನ ಕೈಯಲ್ಲಿ ಏನೂ ಇಲ್ಲವೆಂದು ತಿಳಿದೇ ಬಿಟ್ಟರು, ನಿನ್ನ ಹೆಂಡತಿಯ ಮುಖ ನೋಡಿ ಬಿಟ್ಟರು ಎಂದು ಹೇಳಿಬಿಟ್ಟೆ.

ನಾಟಿತು ಎಂದುಕೊಂಡು ನಾನು ಕುರ್ಚಿ ಎಳೆದುಕೊಂಡು ಕುಳಿತೆ.

"ಮೂರು ರಾಣಿ ಇದ್ದೂ ಬಿಟ್ನೇನು?" ಎಂದ. ಮೆಲ್ಲಗೆ ಅವನ ನಗು ಶುರುವಾಯಿತು. "ಮಿಲಿಟ್ರಿ ಮನಶ್ಯಾನ್ನ ಅಂಜಿಸೀನಿ ಅಂದಂಗಾತು, ಅಕ್ಕಾ. ನೀ ಹೇಳಿದ್ದ ಛಲೋ ಆತು."

ಏನಂತ, ಏನಂತ ಎಂದು ಅವನ ಹೆಂಡತಿ ಹತ್ತಿರದಿಂದ ಕೇಳುತ್ತಿದ್ದಳು. ಅವನು ಅವಳಿಗೆ ಹೇಳಿದ. ಅವಳೂ ನಕ್ಕಳು.