ಬರಿಹೊಟ್ಟೆಯವರ ಅಂಗೈ ನೋಡುವ ಎಲೋಯಿಸಾ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಉತ್ತರ ನ್ಯೂ ಮೆಕ್ಸಿಕೋದ ಪುಟ್ಟ ಕ್ಲಿನಿಕ್ಕಿನ ಬೆಂಚಿನ ಮೇಲೆ ಎಂಟು ಮಂದಿ ಪರೀಕ್ಷೆಗೆ ರಕ್ತ ಕೊಡಲು ಬರಿಹೊಟ್ಟೆಯಲ್ಲಿ ಕುಳಿತಿದ್ದಾರೆ. ಎದುರಿನ ಅಂಗಡಿಯಿಂದ ಮೆಣಸಿನಕಾಯಿ, ಆಲೂಗಡ್ಡೆ ಬೇಯುವ ವಾಸನೆ ಬಂದು ಎಲ್ಲರ ಹೊಟ್ಟೆ ಉರಿಸುತ್ತಿದೆ. ಸೂಜಿ ಕೈಗೆತ್ತಿಕೊಳ್ಳುವ ಮೊದಲು, ಇಲ್ಲಿ ರಕ್ತ ತೆಗೆಯುವ ಎಲೋಯಿಸಾ ಬಾಕಾ ಬೆಂಚಿನುದ್ದಕ್ಕೂ ನಡೆದು ಒಬ್ಬೊಬ್ಬರ ಕೈಕುಲುಕುತ್ತಾಳೆ. ಈ ಊರಿನಲ್ಲಿ ಕೈಕುಲುಕದೆ ಯಾರ ದಿನವೂ ಶುರುವಾಗುವುದಿಲ್ಲವಾದ್ದರಿಂದ ಅದು ಬರೀ ಮರ್ಯಾದೆ ಎಂದೇ ಹೊಸಬರು ತಿಳಿಯುತ್ತಾರೆ. ಅವಳು ನೋಡುತ್ತಿರುವುದು ಅವರ ಅಂಗೈಯನ್ನು.

ಆರನೆಯ ಕೈ ದೆಲ್ಫಿನೋ ಮೊಂದ್ರಾಗೋನ್ ಅವರದು. ವಯಸ್ಸು ಎಪ್ಪತ್ತನಾಲ್ಕು, ಊರ ಕಾಲುವೆಯ ಉಸ್ತುವಾರಿ ನೋಡುವ ಯಜಮಾನ. ಇವತ್ತು ಕಾಲುವೆಯ ಹೂಳೆತ್ತುವ ದಿನ. ನಲವತ್ತು ಜನ ಸಲಿಕೆ ಹಿಡಿದು ಅವರಿಗಾಗಿ ಕಾದಿದ್ದಾರೆ. ಟ್ರಕ್ಕಿನ ಬೀಗದ ಕೈ ಆಗಲೇ ಅವರ ಎಡಗೈಯಲ್ಲಿದೆ. ಬಲಗೈ ತಣ್ಣಗಿದೆ, ಒದ್ದೆಯಾಗಿದೆ. ಎಲೋಯಿಸಾ ಹಿಡಿದ ಕೈ ಬಿಡುವುದಿಲ್ಲ.

“ಈ ವಯಸ್ಸಲ್ಲಿ ನನ್ನ ಕೈ ಹಿಡಿಯೋಳು ನೀನೊಬ್ಬಳೇ ನೋಡು,” ಎಂದು ಅವರು ಬೆಂಚನ್ನೆಲ್ಲ ನಗಿಸುತ್ತಾರೆ.

ಎದೆ ಹೊಡೆದುಕೊಳ್ಳುತ್ತಿದೆಯೇ ಎಂದು ಅವಳು ಕೇಳುತ್ತಾಳೆ.

“ಎದೆಗೇನೂ ಆಗಿಲ್ಲ ಮಗಳೇ. ಹೊಟ್ಟೆ ಸ್ವಲ್ಪ ತೊಳಸ್ತಿದೆ, ಹಸಿವಿಗೆ. ಬೇಗ ರಕ್ತ ತಗೋ, ನಾನು ಹೋಗ್ಬೇಕು.”

“ಬೆಳಗ್ಗೆ ಏನು ತಗೊಂಡ್ರಿ ದೆಲ್ಫಿನೋ ಯಜಮಾನ್ರೇ?”

“ಬರೀ ನೀರು. ಪರೀಕ್ಷೆಗೆ ಬನ್ನಿ ಅಂತ ಕಳಿಸಿದ ಚೀಟೀಲಿ ನೀರು ಕುಡೀಬಹುದು ಅಂತಿತ್ತು. ಆ ನೀರಲ್ಲೇ ದಿನಾ ತಗೊಳ್ಳೋ ಮಾತ್ರೆಗಳನ್ನೂ ನುಂಗಿದೆ.”

ಊರಿಗೆ ಊರೇ ಮಾಡುವ ತಪ್ಪು ಇದೇ. ಊಟ ಬೇಡವೆಂದು ಚೀಟಿ ಹೇಳುತ್ತದೆ, ಮಾತ್ರೆಯ ಸುದ್ದಿ ಎತ್ತುವುದಿಲ್ಲ. ಹೇಳಿದ ಮಾತು ಕೇಳುವ ಜನ, ರಾತ್ರಿಯಿಂದ ಉಪವಾಸವಿದ್ದು ಸಕ್ಕರೆ ಇಳಿಸುವ ಮಾತ್ರೆಯನ್ನು ತಪ್ಪದೆ ನುಂಗಿ ಬರುತ್ತಾರೆ. ಎಲೋಯಿಸಾ ಅವರ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾಳೆ: ನಲವತ್ತೆಂಟು. ಎಪ್ಪತ್ತಕ್ಕಿಂತ ಕೆಳಗಿಳಿಯಲೇಬಾರದಾಗಿತ್ತು. ಬೀಗದ ಕೈ ಅವಳ ಜೇಬು ಸೇರುತ್ತದೆ, ಸೇಬಿನ ರಸದ ಲೋಟ ಅವರ ಕೈಗೆ ಬರುತ್ತದೆ. ಕಣಿವೆಯ ತಿರುವಿನಲ್ಲಿ ಕಣ್ಣು ಕತ್ತಲಾಗಿದ್ದರೆ ಆ ಟ್ರಕ್ಕು ಹೊಳೆಯಲ್ಲಿರುತ್ತಿತ್ತು.

ರಕ್ತದಲ್ಲಿ ಸಕ್ಕರೆ ಕುಸಿದಾಗ ಮೈ ಗಾಬರಿ ಬೀಳುತ್ತದೆ ಎಂದು ಅವಳು ಎಲ್ಲರಿಗೂ ಬಿಡಿಸಿ ಹೇಳುತ್ತಾಳೆ. ಹೊಟ್ಟೆ ಮೊದಲು ಹಸಿದು ಕೂಗುತ್ತದೆ, ಆಮೇಲೆ ತೊಳಸುತ್ತದೆ. ಅಂಗೈ ತಣ್ಣಗೆ ಬೆವರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಎಷ್ಟೋ ಮಂದಿ ಅದು ಹೃದಯಾಘಾತವೆಂದೇ ಹೆದರುತ್ತಾರೆ. ಇನ್ನು ಕೆಲವರು ವಾಯು ಎಂದು ಸುಮ್ಮನಾಗುತ್ತಾರೆ. ದೆಲ್ಫಿನೋ ಅವರ ವಿಷಯ ಇನ್ನೂ ಕಷ್ಟದ್ದು. ರಕ್ತದೊತ್ತಡಕ್ಕೆಂದು ಅವರು ನುಂಗುವ ಇನ್ನೊಂದು ಮಾತ್ರೆ ಎದೆಯ ಓಟಕ್ಕೆ ಕಡಿವಾಣ ಹಾಕಿರುತ್ತದೆ.

“ಆ ಮಾತ್ರೆ ತಗೊಂಡೋರ ಎದೆ ನಂಬೋ ಹಾಗಿಲ್ಲ,” ಎನ್ನುತ್ತಾಳೆ ಎಲೋಯಿಸಾ. “ಬೆವರನ್ನ ಮಾತ್ರ ಅದು ತಡೆಯಲ್ಲ. ಅದಕ್ಕೇ ನಾನು ಕೈ ಹಿಡಿಯೋದು.”

ಇದನ್ನು ಅವಳು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಹದಿನೇಳು ವರ್ಷಗಳ ಹಿಂದೆ ಅವಳು ಇದೇ ಕ್ಲಿನಿಕ್ಕಿನಲ್ಲಿ ನೆಲ ಒರೆಸುತ್ತಿದ್ದಳು. ಒಂದು ಬೆಳಗ್ಗೆ ಕುರಿ ಸಾಕುವವನೊಬ್ಬ ಬೆಂಚಿನಿಂದ ಜಾರಿ ಬಿದ್ದ. ಎದೆಗೆ ತಂತಿ ಅಂಟಿಸಿ ಎಲ್ಲರೂ ಯಂತ್ರವನ್ನೇ ನೋಡುತ್ತಿದ್ದಾಗ, ಸಕ್ಕರೆ ಕಾಯಿಲೆಯ ಅಮ್ಮನನ್ನು ನೋಡಿಕೊಂಡು ಅಭ್ಯಾಸವಿದ್ದ ಎಲೋಯಿಸಾ, ಅವನು ಏನಾದರೂ ತಿಂದಿದ್ದಾನೆಯೇ ಎಂದು ಕೇಳಿದಳು. ಯಾರೂ ಕೇಳಿರಲಿಲ್ಲ. ರಕ್ತಕ್ಕೆ ಸಕ್ಕರೆ ಏರಿಸಿದ ಮೇಲೆ ಅವನು ಬದುಕಿದ. ಹಿರಿಯ ನರ್ಸ್ ಅವಳ ಕೈಯಿಂದ ಒರೆಸುಕೋಲು ಕಸಿದುಕೊಂಡು ರಕ್ತ ತೆಗೆಯುವ ತರಬೇತಿಗೆ ಕಳಿಸಿದಳು. ಆಗ ಅವಳಿಗೆ ನಲವತ್ತೊಂದು. ತರಗತಿಯ ಹುಡುಗಿಯರು ಅವಳನ್ನು ಅಜ್ಜಿ ಎಂದು ಕರೆದು, ಪರೀಕ್ಷೆಯ ದಿನ ಅವಳ ಪಕ್ಕದಲ್ಲೇ ಕೂರಲು ಕಿತ್ತಾಡಿದರು.

ಈಗ ದಿನಕ್ಕೆ ಮೂವತ್ತು ಕೈಗಳು. ವಾರಕ್ಕೆ ಒಂದಾದರೂ ಒದ್ದೆ. ಕೈಕುಲುಕುವುದರಿಂದ ಸರದಿ ತಡವಾಗುತ್ತದೆಂದು ಮೇಲಿನವರು ಎರಡು ಸಲ ಗದರಿದ್ದಾರೆ; ಅವಳು ಕೇಳಿಸಿಕೊಂಡು, ಮರುದಿನವೂ ಕೈಕುಲುಕಿದ್ದಾಳೆ. ಪಟ್ಟಣದ ಕಚೇರಿ ಅಚ್ಚು ಹಾಕಿಸುವ ಚೀಟಿಯಲ್ಲಿ ಮಾತ್ರೆಯ ಬಗ್ಗೆ ಒಂದು ಸಾಲು ಸೇರಿಸಿ ಎಂದು ಒಂಬತ್ತು ವರ್ಷದಿಂದ ಕೇಳುತ್ತಿದ್ದಾಳೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬರುತ್ತದೆ. ಇಲ್ಲಿನ ವೈದ್ಯೆಯ ಒಪ್ಪಿಗೆ ಪಡೆದು, ಪ್ರತಿ ಚೀಟಿಯ ಮೇಲೂ ಕೆಂಪು ಪೆನ್ನಿನಿಂದ ತಾನೇ ಬರೆಯುತ್ತಾಳೆ: ಸಕ್ಕರೆ ಮಾತ್ರೆ ರಕ್ತ ಕೊಟ್ಟ ಮೇಲೆ, ತಿಂಡಿಯ ಜೊತೆ. ದೆಲ್ಫಿನೋ ಅವರ ಚೀಟಿ ಪಟ್ಟಣದಿಂದ ನೇರವಾಗಿ ಅಂಚೆಯಲ್ಲಿ ಹೋಗಿತ್ತು.

“ಆ ಒಂದು ಸಾಲು ಅಚ್ಚಾದ್ರೆ ಸಾಕು, ನಂಗೆ ಬೇರೇನೂ ಬೇಡ,” ಎನ್ನುತ್ತಾಳೆ. “ನಾನು ರಜೆ ಹಾಕಿದ ದಿನ ಈ ಬೆಂಚನ್ನ ಯಾರು ನೋಡ್ತಾರೆ ಅನ್ನೋದೊಂದೇ ನನ್ನ ಚಿಂತೆ.”

ರಸ ಕುಡಿದ ಕಾಲು ಗಂಟೆಯ ನಂತರ ದೆಲ್ಫಿನೋ ಅವರ ಸಕ್ಕರೆ ಎಂಬತ್ತೊಂದು. ಹುರುಳಿಕಾಯಿ ಬೀಜ ತುಂಬಿದ ತೋರ್ತಿಯಾ ರೊಟ್ಟಿ ತಿನ್ನಿಸಿ, ಮತ್ತೊಮ್ಮೆ ಬೆರಳು ಚುಚ್ಚಿ ನೋಡಿದ ಮೇಲೆಯೇ ಬೀಗದ ಕೈ ವಾಪಸ್ಸು. ಉಪವಾಸ ಕೆಟ್ಟಿದ್ದರಿಂದ ನಾಳೆ ಪುನಃ ಬರಬೇಕು. ದೆಲ್ಫಿನೋ ಗೊಣಗುತ್ತಲೇ ಹೋಗುತ್ತಾರೆ.

ಮರುದಿನ ಎಲೋಯಿಸಾ ಬಾಗಿಲು ತಳ್ಳಿ ಒಳಬಂದಾಗ ಅವರು ಬೆಂಚಿನ ತುದಿಯಲ್ಲಿ ನಿಂತಿದ್ದಾರೆ. ಮಾತ್ರೆ ಅಂಗಿಯ ಜೇಬಿನಲ್ಲಿ ಭದ್ರವಾಗಿದೆ. ಅವಳು ಕೋಟು ತೂಗುಹಾಕುವಷ್ಟರಲ್ಲಿ ಅವರು ಎಲ್ಲರ ಕೈಕುಲುಕಿ ಮುಗಿಸಿದ್ದಾರೆ.

“ಏಳು ಕೈ ಒಣಗಿವೆ,” ಎಂದು ಮೆಲ್ಲಗೆ ಹೇಳುತ್ತಾರೆ. “ಕೊನೆಯ ಹೆಂಗಸಿನದು ನಂಗೆ ಸರಿ ಕಾಣ್ಲಿಲ್ಲ. ನೀನೇ ನೋಡು ಮಗಳೇ.”

ಎಲೋಯಿಸಾ ಹೋಗಿ ಆ ಕೈ ಹಿಡಿಯುತ್ತಾಳೆ. ತಣ್ಣಗಿದೆ, ಒದ್ದೆಯಾಗಿದೆ. ಬೆರಳು ಚುಚ್ಚುವ ಯಂತ್ರಕ್ಕೆ ಕೈಚಾಚುತ್ತಾ ಅವಳು ದೆಲ್ಫಿನೋ ಕಡೆ ತಿರುಗಿ, ರಸದ ಬಾಟಲಿ ಯಾವ ಕಪಾಟಿನಲ್ಲಿದೆಯೆಂದು ಹೇಳುತ್ತಾಳೆ.