ಚಾವಡಿಯ ಕೆಳಗೆ ನಿಂತ ತಕರಾರು

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಹಿರೀಸಾವೆ ಹತ್ತಿರದ ಒಂದು ಹಳ್ಳಿಯಲ್ಲಿ ಪಂಚಾಯ್ತಿ ವಾರ್ಡುಗಳ ಗಡಿ ಬದಲಾಯಿಸಿದ್ದರು. ಜನರ ತಕರಾರು ಕೇಳಲು ತಾಲ್ಲೂಕು ಕಚೇರಿಯಿಂದ ನನ್ನನ್ನು ಕಳಿಸಿದರು. ಚಾವಡಿಯಲ್ಲಿ ಮಧ್ಯಾಹ್ನದವರೆಗೂ ಕೂತೆ. ಒಬ್ಬರೂ ಬರಲಿಲ್ಲ.

"ಯಾರ್ದೂ ತಕರಾರಿಲ್ಲ ಸಾ, ಅಂಗೇ ಬರ್ಕೊಂಡ್ಬುಡಿ," ಅಂದರು ಪಟೇಲರು.

ಹೊರಗೆ ನೋಡಿದರೆ ಹರಿಜನ ಕೇರಿಯವರು ಬಿಸಿಲಲ್ಲಿ ನಿಂತಿದ್ದರು.

"ಅವರನ್ನ ಯಾಕೆ ಕರೀಲಿಲ್ಲ?"

"ಅವ್ರು ಚಾವಡಿ ಮೆಟ್ಲು ಅತ್ತಂಗಿಲ್ವಲ್ಲ ಸಾ."

ನನಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿ ಎತ್ತಿಕೊಂಡು ಹೋಗಿ ಬೀದಿಯಲ್ಲೇ ಕೂತೆ. ಕೆಂಪಮ್ಮ ಎಂಬ ಹೆಂಗಸು ಮುಂದೆ ಬಂದಳು.

"ನಮ್ ಕೇರೀನ ಸೀಳಿ, ಅರ್ಧ ಮೇಲಿನ ಬೀದಿಗೆ, ಅರ್ಧ ಕೆಳಗಿನ ಬೀದಿಗೆ ಸೇರಿಸವ್ರೆ ಸಾ. ಇನ್ ನಮ್ಮೋರೊಬ್ರು ಗೆಲ್ಲಕಾಯ್ತದಾ? ನಮ್ಮನ್ನ ಮುಟ್ಟಕ್ಕಿಲ್ಲ, ನಮ್ ಓಟಿಗೆ ಮಾತ್ರ ಮೈಲ್ಗೆ ಇಲ್ವಾ?"

"ಬಾಯ್ಮುಚ್ಚಮ್ಮಿ!" ಎಂದು ಪಟೇಲರು ಗದರಿದರು.

"ನೀವು ಸುಮ್ಮನಿರಿ ಪಟೇಲರೇ, ತಕರಾರು ಅಂದ್ರೆ ಇದೇ," ಎಂದು ನಾನು ಅವರನ್ನೇ ಗದರಿದೆ. ಅವಳ ಮಾತನ್ನು ಒಂದಕ್ಷರ ಬಿಡದೆ ಬರೆದು ಕಳಿಸಿದೆ.

ಕೇರಿಯೆಲ್ಲ ಒಂದೇ ವಾರ್ಡು ಎಂದು ಆದೇಶವಾಯಿತು. ಅದರ ಹಿಂದೆಯೇ ಅರಕಲಗೂಡಿಗೆ ನನ್ನ ವರ್ಗವೂ ಆಯಿತು. ಕಾರಣ ಬರೆದಿರಲಿಲ್ಲ. ಬರೆಯಲು ಮೇಲಧಿಕಾರಿಗಳಿಗೆ ನಾಚಿಕೆಯಾಗಿರಬೇಕು ಅಂದುಕೊಂಡೆ. ಅವರ ಬಗ್ಗೆ ಅಷ್ಟು ಒಳ್ಳೆಯದಾಗಿ ಯೋಚಿಸಿದ್ದಕ್ಕೆ ಆಮೇಲೆ ನನ್ನ ಮೇಲೇ ಸಿಟ್ಟು ಬಂತು.